ಕೆಳಸ್ತರದ ಪ್ರೋಗ್ರಾಮಿಂಗ್ ಭಾಷೆಗಳು: ಚಿಪ್ಪಿಗೂ ಪ್ರೋಗ್ರಾಮಿಗೂ ಇರುವ ನಂಟು

ಪ್ರೊಸೆಸರ್ ನೇರವಾಗಿ ಪಾಲಿಸಬಲ್ಲ ಆದೇಶಗಳಿಗೆ ತೀರ ಹತ್ತಿರವಿರುವ ಪ್ರೋಗ್ರಾಮಿಂಗ್ ಭಾಷೆಗಳನ್ನು ಕೆಳಸ್ತರದ ಭಾಷೆಗಳೆಂದು ಕರೆಯುತ್ತಾರೆ. ಯಂತ್ರಭಾಷೆ ಮತ್ತು ಅಸೆಂಬ್ಲಿ ಭಾಷೆ ಈ ಗುಂಪಿನವು. ಸಿ ಭಾಷೆ ಇವುಗಳಿಗಿಂತ ಮೇಲೆ, ಪೈಥಾನ್ ಮತ್ತು ಜಾವಾದಂಥ ಮೇಲ್‌ಸ್ತರದ ಭಾಷೆಗಳಿಗಿಂತ ಕೆಳಗೆ ಬರುತ್ತದೆ. ಮೇಲ್‌ಸ್ತರದ ಭಾಷೆಯಲ್ಲಿ ಬರೆಯುವವರು ಏನು ಲೆಕ್ಕ ಮಾಡಬೇಕೆಂದು ಹೇಳಿದರೆ ಸಾಕು. ಕೆಳಸ್ತರದಲ್ಲಿ ಬರೆಯುವವರು ಆ ಲೆಕ್ಕ ಯಾವ ರಿಜಿಸ್ಟರಿನಲ್ಲಿ (ಪ್ರೊಸೆಸರಿನೊಳಗೆ ಅಂಕಿ ಹಿಡಿದಿಡುವ ಪುಟ್ಟ ಜಾಗ) ನಡೆಯಬೇಕು, ಅಂಕಿಗೆ ಎಷ್ಟು ಬಿಟ್ ಜಾಗ ಬೇಕು, ಉತ್ತರ ಮೆಮೊರಿಯ ಯಾವ ವಿಳಾಸಕ್ಕೆ ಹೋಗಬೇಕು ಎಂಬುದನ್ನೂ ಹೇಳಬೇಕು. ಹಾಗಾಗಿ ಒಂದು ಚಿಪ್ಪಿನ ಅಸೆಂಬ್ಲಿ ಕಲಿಯುವುದೆಂದರೆ ಆ ಚಿಪ್ಪಿನ ರಚನೆಯನ್ನೇ ಕಲಿತಂತೆ.

## ಕತ್ರಿಗುಪ್ಪೆಯ ಸುತ್ತಲಿನ ಲ್ಯಾಬುಗಳು

ಈ ನಂಟನ್ನು ಕಣ್ಣಾರೆ ಕಾಣಲು ದಕ್ಷಿಣ ಬೆಂಗಳೂರು ಒಳ್ಳೆಯ ಜಾಗ. ಕತ್ರಿಗುಪ್ಪೆಯಿಂದ ರಿಂಗ್ ರೋಡಿನಲ್ಲಿ ಹೊಸಕೆರೆಹಳ್ಳಿ ಕಡೆಗೆ ಹೋದರೆ ಪಿಇಎಸ್ ವಿಶ್ವವಿದ್ಯಾಲಯ ಸಿಗುತ್ತದೆ. ಬಸವನಗುಡಿಯಲ್ಲಿ 1946ರಲ್ಲಿ ಶುರುವಾದ ಬಿಎಂಎಸ್ ಕಾಲೇಜು, ವಿ.ವಿ. ಪುರಂನಲ್ಲಿ ಬಿಐಟಿ, ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ್ ಕಾಲೇಜು ಇವೆ. ಬನಶಂಕರಿ, ಕತ್ರಿಗುಪ್ಪೆಯ ಬಾಡಿಗೆ ಕೋಣೆಗಳಲ್ಲಿ ಉಳಿದುಕೊಂಡು ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹಳ. ಪ್ರಾಜೆಕ್ಟಿಗೆ ಬೇಕಾದ ಚಿಪ್ಪು, ಬ್ರೆಡ್‌ಬೋರ್ಡು, ವೈರುಗಳಿಗಾಗಿ ಅವರು ಹುಡುಕಿಕೊಂಡು ಹೋಗುವುದು ಎಸ್.ಪಿ. ರೋಡಿನ ಅಂಗಡಿಗಳಿಗೆ.

ಈ ಭಾಗದ ಕಾಲೇಜುಗಳ ಮೈಕ್ರೊಪ್ರೊಸೆಸರ್ ಲ್ಯಾಬುಗಳಲ್ಲಿ ಮೂರು ಇಂಟೆಲ್ ಚಿಪ್ಪುಗಳು ಹಲವು ತಲೆಮಾರುಗಳಿಗೆ ಪಾಠ ಹೇಳಿವೆ. 1976ರ 8085 ಎಂಟು ಬಿಟ್‌ನದು. ಅದಕ್ಕೆ 64 ಕಿಲೋಬೈಟ್ ಮೆಮೊರಿಯವರೆಗೆ ಕೈ ನಿಲುಕುತ್ತದೆ. 1978ರ 8086 ಹದಿನಾರು ಬಿಟ್‌ನದು. ಅದರ 20 ವಿಳಾಸ ತಂತಿಗಳಿಂದ 1 ಮೆಗಾಬೈಟ್ ಮೆಮೊರಿ ಮುಟ್ಟಬಹುದು. 1980ರ 8051 ಮೈಕ್ರೊಕಂಟ್ರೋಲರ್. ಪ್ರೊಸೆಸರಿನ ಜೊತೆಗೆ 4 ಕಿಲೋಬೈಟ್ ಸ್ಥಿರ ಮೆಮೊರಿ, 128 ಬೈಟ್ ರ‍್ಯಾಮ್, ಹೊರಗಿನ ಸಾಧನಗಳಿಗೆ 32 ತಂತಿಗಳು, ಎಲ್ಲವೂ ಅದರ ಒಂದೇ ಚಿಪ್ಪಿನಲ್ಲಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪಠ್ಯಕ್ರಮ ಆಮೇಲೆ 8086ನಿಂದ ಆರ್ಮ್ ಚಿಪ್ಪುಗಳ ಕಡೆಗೆ ಹೊರಳಿತು.

## ಒಂದು ಆದೇಶದ ಒಳಗೆ

ಪ್ರೊಸೆಸರಿಗೆ ತಿಳಿಯುವುದು ಸೊನ್ನೆ ಮತ್ತು ಒಂದು ಮಾತ್ರ, ಅಂದರೆ ತಂತಿಯಲ್ಲಿ ಕಡಿಮೆ ವೋಲ್ಟೇಜು ಅಥವಾ ಹೆಚ್ಚು ವೋಲ್ಟೇಜು. ಆದರೆ ಈ ಬಿಟ್‌ಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿರುವುದಿಲ್ಲ. ಎಎಕ್ಸ್ ಎಂಬ ರಿಜಿಸ್ಟರಿನಲ್ಲಿ 5ನ್ನು ಇಡು ಎಂದು 8086ಗೆ ಹೇಳಬೇಕಾದರೆ ಮೂರು ಬೈಟ್ ಕೊಡಬೇಕು:

10111000 00000101 00000000

ಮೊದಲ ಬೈಟಿನ ಮೊದಲ ನಾಲ್ಕು ಬಿಟ್‌ಗಳು, 1011, "ಮುಂದೆ ಬರುವ ಸಂಖ್ಯೆಯನ್ನು ರಿಜಿಸ್ಟರಿಗೆ ತುಂಬು" ಎನ್ನುತ್ತವೆ. ಐದನೆಯ ಬಿಟ್ 1 ಆಗಿದ್ದರೆ ಸಂಖ್ಯೆ ಹದಿನಾರು ಬಿಟ್‌ನದು, ಸೊನ್ನೆಯಾಗಿದ್ದರೆ ಎಂಟು ಬಿಟ್‌ನದು. ಕೊನೆಯ ಮೂರು ಬಿಟ್‌ಗಳು ರಿಜಿಸ್ಟರನ್ನು ಆರಿಸುತ್ತವೆ: 000 ಎಂದರೆ ಎಎಕ್ಸ್, 001 ಎಂದರೆ ಸಿಎಕ್ಸ್, 010 ಎಂದರೆ ಡಿಎಕ್ಸ್, 011 ಎಂದರೆ ಬಿಎಕ್ಸ್. ಉಳಿದ ಎರಡು ಬೈಟ್‌ಗಳಲ್ಲಿ 5 ಇದೆ, ಕೆಳಗಿನ ಬೈಟ್ ಮೊದಲು, ಮೇಲಿನದು ನಂತರ. ರಿಜಿಸ್ಟರಿನ ಹೆಸರಿಗೆ ಮೂರು ಬಿಟ್ ಮೀಸಲಿಟ್ಟಿದ್ದರಿಂದ ಇಂಥ ಆದೇಶದಲ್ಲಿ ಎಂಟಕ್ಕಿಂತ ಹೆಚ್ಚು ರಿಜಿಸ್ಟರುಗಳನ್ನು ಹೆಸರಿಸಲು ಬರುವುದಿಲ್ಲ. ಭಾಷೆಯ ವ್ಯಾಕರಣದಲ್ಲೇ ಚಿಪ್ಪಿನ ಅಳತೆ ಅಡಗಿದೆ.

ಈ ಬಿಟ್‌ಗಳನ್ನು ನೆನಪಿಟ್ಟುಕೊಂಡು ಬರೆಯುವುದು ಮನುಷ್ಯರಿಗೆ ಕಷ್ಟ. ಅದಕ್ಕಾಗಿಯೇ ಅಸೆಂಬ್ಲಿ ಭಾಷೆ ಹುಟ್ಟಿತು. "ಮೂವ್ ಎಎಕ್ಸ್, 5" ಎಂದು ಬರೆದರೆ ಅಸೆಂಬ್ಲರ್ ಎಂಬ ತಂತ್ರಾಂಶ ಅದನ್ನು ಮೇಲಿನ ಮೂರು ಬೈಟ್‌ಗಳಿಗೆ ಇಳಿಸುತ್ತದೆ. ಸಾಮಾನ್ಯವಾಗಿ ಅಸೆಂಬ್ಲಿಯ ಒಂದು ಸಾಲಿಗೆ ಒಂದು ಯಂತ್ರಾದೇಶ. ಪ್ರೋಗ್ರಾಂ ಬರೆದವರು ಹೇಳದೇ ಇದ್ದ ಕೆಲಸವನ್ನು ನಡುವೆ ಯಾರೂ ಸೇರಿಸುವುದಿಲ್ಲ.

## ಒಂದೇ ಬೈಟ್, ಮೂರು ಕೆಲಸ

ಮೇಲಿನ ಮೊದಲ ಬೈಟ್, 10111000, ದಶಮಾನದಲ್ಲಿ 184. ಇದೇ ಬೈಟನ್ನು ಲ್ಯಾಬಿನ ಮೂರೂ ಚಿಪ್ಪುಗಳಿಗೆ ಆದೇಶವಾಗಿ ಕೊಟ್ಟು ನೋಡಬಹುದು. 8086 ಮುಂದಿನ ಎರಡು ಬೈಟ್‌ಗಳನ್ನು ಎತ್ತಿ ಎಎಕ್ಸ್ ರಿಜಿಸ್ಟರಿಗೆ ತುಂಬುತ್ತದೆ. 8085 ಅದೇ ಬೈಟಿಗೆ ಅಕ್ಯುಮುಲೇಟರ್ ಎಂಬ ತನ್ನ ಮುಖ್ಯ ರಿಜಿಸ್ಟರನ್ನು ಬಿ ರಿಜಿಸ್ಟರಿನ ಜೊತೆ ಹೋಲಿಸುತ್ತದೆ. ಅದಕ್ಕೆ ಇನ್ನೊಂದು ಬೈಟ್ ಬೇಕಾಗಿಯೇ ಇಲ್ಲ. 8051 ಮುಂದಿನ ಬೈಟಿನಲ್ಲಿರುವ ಸಂಖ್ಯೆಯನ್ನು ಆರ್0 ರಿಜಿಸ್ಟರಿನೊಂದಿಗೆ ಹೋಲಿಸಿ, ಎರಡೂ ಬೇರೆಬೇರೆಯಾಗಿದ್ದರೆ ಪ್ರೋಗ್ರಾಮಿನ ಇನ್ನೊಂದು ಜಾಗಕ್ಕೆ ಜಿಗಿಯುತ್ತದೆ. ಮೂರೂ ಒಂದೇ ಕಂಪನಿಯ ಚಿಪ್ಪುಗಳು, ನಾಲ್ಕೈದು ವರ್ಷಗಳ ಅಂತರದಲ್ಲಿ ಬಂದವು. ಆದರೂ ಒಂದರ ಯಂತ್ರಭಾಷೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಯಾವ ಬಿಟ್ ಜೋಡಣೆಗೆ ಯಾವ ಕೆಲಸ, ಎಷ್ಟು ರಿಜಿಸ್ಟರುಗಳು, ಮೆಮೊರಿಯನ್ನು ಯಾವ ಬಗೆಗಳಲ್ಲಿ ಮುಟ್ಟಬಹುದು ಎಂಬ ಒಟ್ಟು ಒಪ್ಪಂದಕ್ಕೆ ಇನ್‌ಸ್ಟ್ರಕ್ಷನ್ ಸೆಟ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಚಿಪ್ ಕಟ್ಟುವವರು ಈ ಒಪ್ಪಂದವನ್ನು ಸರ್ಕ್ಯೂಟುಗಳಲ್ಲಿ ನಡೆಸಿಕೊಡುತ್ತಾರೆ. ಪ್ರೋಗ್ರಾಂ ಬರೆಯುವವರು ಅದನ್ನು ನಂಬಿ ಬರೆಯುತ್ತಾರೆ. ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವಿನ ಗಡಿ ಇದೇ. ಒಪ್ಪಂದ ಕೆಡದಿದ್ದರೆ ಅದರ ಹಿಂದಿನ ಸರ್ಕ್ಯೂಟುಗಳನ್ನು ಎಷ್ಟು ಬೇಕಾದರೂ ಬದಲಾಯಿಸಬಹುದು. ಸುಮಾರು 29,000 ಟ್ರಾನ್ಸಿಸ್ಟರುಗಳಿದ್ದ 8086ನ ಆದೇಶಗಳನ್ನು ಶತಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರುವ ಇಂದಿನ ಲ್ಯಾಪ್‌ಟಾಪ್ ಚಿಪ್ಪುಗಳೂ ಪಾಲಿಸುವುದು ಹೀಗೆ.

## ಬೈಟ್ ತಿರುಗಿದರೆ ಮೋಟಾರು ತಿರುಗುತ್ತದೆ

ಅಸೆಂಬ್ಲಿ ಮತ್ತು ಯಂತ್ರಾಂಶದ ಸಂಬಂಧ ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು ಸ್ಟೆಪ್ಪರ್ ಮೋಟಾರಿನ ಪ್ರಯೋಗದಲ್ಲಿ. ಈ ಮೋಟಾರಿನಲ್ಲಿ ನಾಲ್ಕು ಸುರುಳಿಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ ಹರಿಸಬೇಕು. ಒಂದೊಂದು ಸಲಕ್ಕೂ ಅಕ್ಷ ಒಂದು ಹೆಜ್ಜೆ ತಿರುಗುತ್ತದೆ. ಸಾಮಾನ್ಯ ಮೋಟಾರುಗಳಲ್ಲಿ ಹೆಜ್ಜೆ 1.8 ಡಿಗ್ರಿ, 200 ಹೆಜ್ಜೆಗೆ ಒಂದು ಪೂರ್ತಿ ಸುತ್ತು.

ಪ್ರೋಗ್ರಾಮಿನಲ್ಲಿ 10001000 ಎಂಬ ಬೈಟನ್ನು 8086ನ ಎಎಲ್ ರಿಜಿಸ್ಟರಿಗೆ (ಎಎಕ್ಸ್‌ನ ಕೆಳಗಿನ ಅರ್ಧ) ತುಂಬಿ, 8255 ಎಂಬ ಇಂಟರ್‌ಫೇಸ್ ಚಿಪ್ಪಿನ ಪೋರ್ಟಿಗೆ ಕಳಿಸುತ್ತಾರೆ. ಪೋರ್ಟಿನ ತಂತಿಗಳು ಡ್ರೈವರ್ ಸರ್ಕ್ಯೂಟಿನ ಮೂಲಕ ಸುರುಳಿಗಳಿಗೆ ಸೇರಿರುತ್ತವೆ. 1 ಇರುವ ತಂತಿಯ ಸುರುಳಿಗೆ ವಿದ್ಯುತ್ ಹೋಗುತ್ತದೆ. ಆಮೇಲೆ ಬೈಟನ್ನು ಬಲಕ್ಕೆ ಒಂದು ಸ್ಥಾನ ತಿರುಗಿಸುವ ಆದೇಶ ಕೊಡುತ್ತಾರೆ. 10001000 ಹೋಗಿ 01000100, ಅದಾದ ಮೇಲೆ 00100010, 00010001, ಮತ್ತೆ 10001000. ಎಡಕ್ಕೆ ತಿರುಗಿಸುವ ಆದೇಶ ಬರೆದರೆ ಮೋಟಾರು ಹಿಮ್ಮುಖವಾಗಿ ಸುತ್ತುತ್ತದೆ. ಎರಡು ಹೆಜ್ಜೆಗಳ ನಡುವೆ ಸುಮ್ಮನೆ ಎಣಿಸುತ್ತಾ ಕೂರುವ ಒಂದು ಲೂಪ್ ಇರಲೇಬೇಕು. ಅದಿಲ್ಲದಿದ್ದರೆ ಪ್ರೊಸೆಸರಿನ ವೇಗಕ್ಕೆ ಲೋಹದ ಅಕ್ಷ ಹೊಂದಿಕೊಳ್ಳಲಾರದೆ ನಿಂತಲ್ಲೇ ನಡುಗುತ್ತದೆ. ಒಂದೇ ಪ್ರೋಗ್ರಾಮಿನಲ್ಲಿ ಬಿಟ್, ತಂತಿ, ಕಾಂತ, ಕಾಲ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದನ್ನು ತೋರಿಸುವ ಇಷ್ಟು ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

## ಕಾಲದ ಲೆಕ್ಕ

ಕೆಳಸ್ತರದಲ್ಲಿ ಪ್ರತಿ ಆದೇಶಕ್ಕೂ ಒಂದು ಬೆಲೆ ಇದೆ, ಅದನ್ನು ಕ್ಲಾಕ್ ಬಡಿತಗಳಲ್ಲಿ ಅಳೆಯುತ್ತಾರೆ. 8086ನಲ್ಲಿ ಎರಡು ರಿಜಿಸ್ಟರುಗಳನ್ನು ಕೂಡಿಸಲು 3 ಬಡಿತ ಸಾಕು. ಹದಿನಾರು ಬಿಟ್‌ನ ಎರಡು ರಿಜಿಸ್ಟರುಗಳನ್ನು ಗುಣಿಸಲು 118ರಿಂದ 133 ಬಡಿತ ಬೇಕು. ಬಿಟ್‌ಗಳನ್ನು ಒಂದು ಸ್ಥಾನ ಎಡಕ್ಕೆ ಸರಿಸಿದರೆ ಸಂಖ್ಯೆ ಎರಡರಷ್ಟಾಗುತ್ತದೆ, ಅದಕ್ಕೆ ಎರಡೇ ಬಡಿತ. ಆದ್ದರಿಂದ ಹತ್ತರಿಂದ ಗುಣಿಸಬೇಕಾದಾಗ ಅನುಭವಿಗಳು ಗುಣಾಕಾರದ ಆದೇಶ ಬಿಟ್ಟು, ಸಂಖ್ಯೆಯ ಎಂಟರಷ್ಟನ್ನೂ ಎರಡರಷ್ಟನ್ನೂ ಸರಿಸುವಿಕೆಯಿಂದ ಪಡೆದು ಕೂಡಿಸುತ್ತಿದ್ದರು. ಕಾಗದದ ಮೇಲೆ ಎರಡೂ ಒಂದೇ ಉತ್ತರ. ಚಿಪ್ಪಿನ ಮೇಲೆ ಒಂದು ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಚುರುಕು.

8051 ಬೋರ್ಡುಗಳಲ್ಲಿ 11.0592 ಮೆಗಾಹರ್ಟ್ಸ್ ಎಂದು ಬರೆದಿರುವ ಕ್ರಿಸ್ಟಲ್ ಕಾಣುತ್ತದೆ. ನೋಡಿದವರಿಗೆಲ್ಲ ಏಳುವ ಪ್ರಶ್ನೆ: ನೆಟ್ಟಗೆ 12 ಏಕಿಲ್ಲ? ಉತ್ತರ ಭಾಗಾಕಾರದಲ್ಲಿದೆ. 8051 ಹನ್ನೆರಡು ಬಡಿತಕ್ಕೆ ಒಂದು ಯಂತ್ರಚಕ್ರ ಮುಗಿಸುತ್ತದೆ, ಅಂದರೆ ಸೆಕೆಂಡಿಗೆ 9,21,600 ಚಕ್ರ. ಸೀರಿಯಲ್ ಸಂವಹನದ ಸಾಮಾನ್ಯ ವಿಧಾನದಲ್ಲಿ ಅದನ್ನು ಮತ್ತೆ 32ರಿಂದ ಭಾಗಿಸಿದರೆ 28,800 ಬರುತ್ತದೆ. ಟೈಮರಿಗೆ 253 ತುಂಬಿದರೆ ಅದು ಮೂರು ಎಣಿಕೆಗೊಮ್ಮೆ ಉಕ್ಕುತ್ತದೆ. 28,800ನ್ನು ಮೂರರಿಂದ ಭಾಗಿಸಿದರೆ ಸರಿಯಾಗಿ 9,600. ಕಂಪ್ಯೂಟರಿನ ಸೀರಿಯಲ್ ಪೋರ್ಟ್ ಕೇಳುವ ವೇಗ ಅದೇ. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ ಅದೇ ಪ್ರೋಗ್ರಾಂ ಓಡಿಸಿದರೆ ವೇಗ ಸುಮಾರು 10,417 ಆಗಿ, ಶೇಕಡಾ 8.5ರಷ್ಟು ತಪ್ಪುತ್ತದೆ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಕ್ರಿಸ್ಟಲ್ ಬದಲಾದರೆ ಅದು ತಪ್ಪು ಪ್ರೋಗ್ರಾಂ.

## ಸಿ ಭಾಷೆಯ ಸ್ಥಾನ

ಬೆಲ್ ಲ್ಯಾಬ್ಸಿನಲ್ಲಿ ಡೆನಿಸ್ ರಿಚಿ 1970ರ ದಶಕದ ಮೊದಲ ವರ್ಷಗಳಲ್ಲಿ ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಸಿಯಲ್ಲಿ ಮತ್ತೆ ಬರೆಯಲಾಯಿತು. ಅದರಿಂದಾಗಿ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಒಯ್ಯುವುದು ಸಾಧ್ಯವಾಯಿತು. ಕಂಪೈಲರ್ ಸಿ ಸಾಲುಗಳನ್ನು ಆಯಾ ಚಿಪ್ಪಿನ ಯಂತ್ರಭಾಷೆಗೆ ಇಳಿಸುತ್ತದೆ. ಆದರೂ ಸಿ ಯಂತ್ರಾಂಶವನ್ನು ಪೂರ್ತಿ ಮರೆಮಾಡುವುದಿಲ್ಲ. ಅದರ ಪಾಯಿಂಟರ್ ಎಂದರೆ ಮೆಮೊರಿ ವಿಳಾಸ. 8086ನ ಹಳೆಯ ಕಂಪೈಲರುಗಳಲ್ಲಿ ಇಂಟ್ ಎಂದು ಘೋಷಿಸಿದ ಸಂಖ್ಯೆಗೆ ಹದಿನಾರು ಬಿಟ್ ಜಾಗ, ಹಾಗಾಗಿ 32,767 ಅದರ ಎಲ್ಲೆ. ಆರ್ಮ್ ಚಿಪ್ಪಿನಲ್ಲಿ ಅದೇ ಇಂಟ್‌ಗೆ 32 ಬಿಟ್. ಆರ್ಮ್‌ನಲ್ಲಿ ಸರಿಯಾಗಿ ನಡೆದ ಲೆಕ್ಕ 8086ನಲ್ಲಿ ತಪ್ಪಬಹುದು.

ಆರ್ಮ್ ಲ್ಯಾಬುಗಳಲ್ಲಿ ಬಳಸುವ ಎಲ್‌ಪಿಸಿ2148 ಚಿಪ್ಪಿನಲ್ಲಿ ಒಂದು ಎಲ್‌ಇಡಿ ಹೊತ್ತಿಸಲು ಬೇರೆ ಬಗೆಯ ಆದೇಶವೇನೂ ಇಲ್ಲ. ಮೆಮೊರಿಯ ನಿರ್ದಿಷ್ಟ ವಿಳಾಸಕ್ಕೆ ಒಂದು ಸಂಖ್ಯೆ ಬರೆದರೆ ಸಾಕು. ಆ ವಿಳಾಸದಲ್ಲಿ ಇರುವುದು ಮೆಮೊರಿ ಕೋಶವಲ್ಲ, ಚಿಪ್ಪಿನ ಕಾಲುಗಳನ್ನು ಆಳುವ ರಿಜಿಸ್ಟರ್. ಇಲ್ಲೇ ಸಿಯ ವೊಲಟೈಲ್ ಎಂಬ ಪದ ಬೇಕಾಗುತ್ತದೆ. ಒಂದು ಜಾಗಕ್ಕೆ ತಾನೇ ಏನೂ ಬರೆಯದಿದ್ದರೆ ಅಲ್ಲಿನ ಬೆಲೆ ಬದಲಾಗದು ಎಂದು ಕಂಪೈಲರ್ ನಂಬುತ್ತದೆ. ಆದರೆ ಒತ್ತುಗುಂಡಿಯ ಸ್ಥಿತಿ ಹೇಳುವ ರಿಜಿಸ್ಟರ್ ಹೊರಗಿನ ಬೆರಳಿನಿಂದ ಬದಲಾಗುತ್ತದೆ. ವೊಲಟೈಲ್ ಎಂದು ಬರೆಯದಿದ್ದರೆ ಕಂಪೈಲರ್ ಒಂದು ಸಲ ಓದಿದ ಬೆಲೆಯನ್ನೇ ಹಿಡಿದುಕೊಂಡು ಕೊನೆಯಿಲ್ಲದ ಲೂಪಿನಲ್ಲಿ ಸಿಕ್ಕಿಬೀಳುವ ಯಂತ್ರಭಾಷೆ ಕೊಡಬಹುದು.

## ಮೆಮೊರಿಯಲ್ಲಿ ಕನ್ನಡ

ಅಕ್ಷರಗಳೂ ಕೆಳಸ್ತರದಲ್ಲಿ ಸಂಖ್ಯೆಗಳೇ. ಯುನಿಕೋಡಿನಲ್ಲಿ "ಕ" ಅಕ್ಷರದ ಸಂಖ್ಯೆ 3221. ಯುಟಿಎಫ್-8 ಪದ್ಧತಿಯಲ್ಲಿ ಅದು ಮೆಮೊರಿಯಲ್ಲಿ 224, 178, 149 ಎಂಬ ಮೂರು ಬೈಟ್‌ಗಳಾಗಿ ಕೂರುತ್ತದೆ. "ಕತ್ರಿಗುಪ್ಪೆ" ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನ ಲೆಕ್ಕದಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆ ಎಲ್ಲ ಬೇರೆಬೇರೆಯಾಗಿ ಹನ್ನೊಂದು ಸಂಕೇತ, ಒಟ್ಟು 33 ಬೈಟ್. ಒಂದು ಬೈಟಿಗೆ ಒಂದು ಅಕ್ಷರ ಎಂದುಕೊಂಡು ಸಿಯಲ್ಲಿ ಬರೆದ ಪ್ರೋಗ್ರಾಂ ಈ ಹೆಸರನ್ನು ಹತ್ತನೆಯ ಬೈಟಿಗೆ ಕತ್ತರಿಸಿದರೆ, "ತ್ರಿ" ಅಕ್ಷರದ ರ ಒತ್ತೇ ಒಡೆದುಹೋಗುತ್ತದೆ. ಕನ್ನಡ ತಂತ್ರಾಂಶ ಕಟ್ಟುವವರಿಗೆ ಬೈಟಿನ ಅರಿವು ಇಂಗ್ಲಿಷಿಗೆ ದುಡಿಯುವವರಿಗಿಂತ ಹೆಚ್ಚು ಬೇಕು.

## ಬೆಂಗಳೂರಿನ ಯಂತ್ರಗಳಲ್ಲಿ

ಲ್ಯಾಬಿನ ಚಿಪ್ಪುಗಳು ಪಾಠಕ್ಕಷ್ಟೇ ಸೀಮಿತವಾಗಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವುದು ಅದರ ಉದ್ದೇಶ. ಮೊದಲ ಮಾದರಿಯಲ್ಲಿ ಇದ್ದದ್ದು ನಾಲ್ಕು 8086 ಪ್ರೊಸೆಸರುಗಳು ಮತ್ತು ಅವುಗಳ ಜೊತೆಗಾರ 8087 ಚಿಪ್ಪುಗಳು. 8086ಗೆ ದಶಾಂಶ ಬಿಂದುವಿನ ಲೆಕ್ಕ ಮಾಡುವ ಆದೇಶಗಳು ಇರಲಿಲ್ಲ. ಆದರೆ ಅದನ್ನು ರೂಪಿಸಿದವರು 11011 ಎಂಬ ಐದು ಬಿಟ್‌ಗಳಿಂದ ಶುರುವಾಗುವ ಆದೇಶಗಳನ್ನು ಜೊತೆಗಾರ ಚಿಪ್ಪಿಗೆಂದೇ ಬಿಟ್ಟಿದ್ದರು. 8087 ಅದೇ ತಂತಿಗಳನ್ನು ಗಮನಿಸುತ್ತಾ, ತನ್ನ ಆದೇಶ ಬಂದಾಗ ಎತ್ತಿಕೊಂಡು ಲೆಕ್ಕ ಮುಗಿಸುತ್ತಿತ್ತು. 1980ರಲ್ಲಿ ಬಂದ ಚಿಪ್ಪಿಗೆ 1978ರ ಭಾಷೆಯಲ್ಲೇ ಜಾಗ ಕಾದಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಂಸ್ಥೆಯವರ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕಿಗೆ ಬಂತು. ಕಡಿಮೆ ಬೆಲೆಯ, ಕೈಯಲ್ಲಿ ಹಿಡಿಯುವ ಆ ಕಂಪ್ಯೂಟರಿನಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಓಡುತ್ತಿತ್ತು. ಲಿನಕ್ಸಿನ ಬಹುಭಾಗ ಸಿ ಭಾಷೆಯಲ್ಲಿದೆ. ಪ್ರತಿ ಚಿಪ್ಪಿಗೂ ಬದಲಾಗುವ ಸಣ್ಣ ಭಾಗ ಮಾತ್ರ ಅಸೆಂಬ್ಲಿಯಲ್ಲಿದೆ. ಬೇರೆ ಜಾತಿಯ ಚಿಪ್ಪಿಗೆಂದು ಶುರುವಾದ ವ್ಯವಸ್ಥೆ ಬೆಂಗಳೂರಿನ ಸಾಧನದಲ್ಲಿ ಉಸಿರಾಡಿದ್ದು ಈ ಹಂಚಿಕೆಯಿಂದ.

ಕತ್ರಿಗುಪ್ಪೆಗೆ ತೀರ ಹತ್ತಿರದ ಉದಾಹರಣೆ ಪೈಸ್ಯಾಟ್. ಪಿಇಎಸ್ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಇಸ್ರೊ ನೆರವಿನಿಂದ ಕಟ್ಟಿದ, 5.25 ಕಿಲೋ ತೂಕದ ಈ ಪುಟ್ಟ ಉಪಗ್ರಹ 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35 ರಾಕೆಟ್ಟಿನಲ್ಲಿ ಕಕ್ಷೆಗೆ ಹೋಯಿತು. ಇಂಥ ಉಪಗ್ರಹಗಳ ಕಂಪ್ಯೂಟರಿನಲ್ಲಿ ಮೆಮೊರಿ ಕಡಿಮೆ, ವಿದ್ಯುತ್ತೂ ಕಡಿಮೆ. ಬಾಹ್ಯಾಕಾಶದ ವಿಕಿರಣ ಬಡಿದು ಮೆಮೊರಿಯ ಬಿಟ್ ಒಂದು ಸೊನ್ನೆಯಿಂದ ಒಂದಕ್ಕೆ ಮಗುಚಬಹುದು. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡರೆ ಹೋಗಿ ಸ್ವಿಚ್ ಒತ್ತುವವರಿಲ್ಲ. ಅದಕ್ಕಾಗಿ ವಾಚ್‌ಡಾಗ್ ಟೈಮರ್ ಎಂಬ ಸರ್ಕ್ಯೂಟ್ ಇಡುತ್ತಾರೆ. ಪ್ರೋಗ್ರಾಂ ಆಗಾಗ ಅದರ ರಿಜಿಸ್ಟರಿಗೆ ಬರೆದು ತಾನು ಸರಿಯಿದ್ದೇನೆಂದು ತಿಳಿಸಬೇಕು. ಬರೆಯದಿದ್ದರೆ ಸರ್ಕ್ಯೂಟ್ ತಾನೇ ಕಂಪ್ಯೂಟರನ್ನು ಮೊದಲಿಂದ ಶುರುಮಾಡುತ್ತದೆ.

## ಸ್ವಂತ ಚಿಪ್ಪು, ಸ್ವಂತ ಉಪಕರಣಗಳು

ಹೊಸ ಆದೇಶಗಳ ಚಿಪ್ಪು ಕಟ್ಟಿದರೆ ಅದರ ಭಾಷೆಯ ಉಪಕರಣಗಳನ್ನೂ ಕಟ್ಟಬೇಕು. ರಾಕೆಟ್ಟುಗಳಿಗಾಗಿ ಇಸ್ರೊ ರೂಪಿಸಿದ ಹದಿನಾರು ಬಿಟ್‌ನ ವಿಕ್ರಮ್ 1601 ಪ್ರೊಸೆಸರ್ 2009ರಿಂದ ಬಳಕೆಯಲ್ಲಿದೆ. 2025ರಲ್ಲಿ ಅದರ ಮುಂದಿನ ಪೀಳಿಗೆಯಾಗಿ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಮತ್ತು ಮೊಹಾಲಿಯ ಸೆಮಿಕಂಡಕ್ಟರ್ ಪ್ರಯೋಗಾಲಯ ಸೇರಿ ತಯಾರಿಸಿದ 32 ಬಿಟ್‌ನ ವಿಕ್ರಮ್ 3201 ಬಂತು. ಅದರ ಆದೇಶಗಳ ಒಪ್ಪಂದ ಇಸ್ರೊದ್ದೇ. ಹಾಗಾಗಿ ಆಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಸಂಸ್ಥೆಯೊಳಗೇ ತಯಾರಿಸಬೇಕಾಯಿತು. ಚಿಪ್ಪು ಅಚ್ಚು ಹಾಕುವುದು ಸ್ವಾವಲಂಬನೆಯ ಅರ್ಧ ದಾರಿ. ಅದಕ್ಕೆ ಕೆಲಸ ಹೇಳಬಲ್ಲ ಉಪಕರಣಗಳನ್ನು ಕಟ್ಟುವುದು ಉಳಿದರ್ಧ.

## ಇಂದು ಇದು ಯಾರಿಗೆ ಬೇಕು

ಇಂದಿನ ಪ್ರೊಸೆಸರುಗಳಲ್ಲಿ ಅಸೆಂಬ್ಲಿಯೂ ತಳವಲ್ಲ. ಲ್ಯಾಪ್‌ಟಾಪಿನ ಚಿಪ್ಪು ತಾನು ಪಡೆದ ಆದೇಶಗಳನ್ನು ಒಳಗೆ ಇನ್ನೂ ಚಿಕ್ಕ ಕೆಲಸಗಳಾಗಿ ಒಡೆದು, ಅನುಕೂಲ ಕಂಡಂತೆ ಹಿಂದುಮುಂದು ಮಾಡಿ ನಡೆಸುತ್ತದೆ. ಮೆಮೊರಿಯಿಂದ ಒಂದು ಬೈಟ್ ಕೇಳಿದರೆ ಸಾಮಾನ್ಯವಾಗಿ 64 ಬೈಟ್‌ಗಳನ್ನು ಒಟ್ಟಿಗೆ ಹತ್ತಿರದ ಕ್ಯಾಶ್‌ಗೆ ತರುತ್ತದೆ. ಹಾಗಾಗಿ ಸಿಯಲ್ಲಿ ದೊಡ್ಡ ಕೋಷ್ಟಕವನ್ನು ಅಡ್ಡಸಾಲಿನಂತೆ ಓದಿದರೆ ಬೇಗ, ಕಂಬಸಾಲಿನಂತೆ ಓದಿದರೆ ನಿಧಾನ, ಲೆಕ್ಕ ಒಂದೇ ಆಗಿದ್ದರೂ. ಇಂಥ ಲೂಪುಗಳನ್ನು ಯಂತ್ರಾಂಶಕ್ಕೆ ಒಗ್ಗುವಂತೆ ತಾನಾಗಿ ಮರುಜೋಡಿಸುವ ಪ್ಲೂಟೊ ಎಂಬ ಉಪಕರಣವನ್ನು ರೂಪಿಸಿದವರು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಉದಯ್ ಬೊಂಧುಗುಲ. ಅದೇ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ 2002ರಲ್ಲೇ ಕಂಪೈಲರ್ ರಚನೆಯ ಬಗ್ಗೆ ದೊಡ್ಡ ಕೈಪಿಡಿಯೊಂದನ್ನು ಸಂಪಾದಿಸಿ ಹೊರತಂದಿದ್ದರು.

ಸಿಯ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ತನ್ನದಲ್ಲದ ಮೆಮೊರಿಗೆ ಬರೆಯುವ ಪ್ರೋಗ್ರಾಮನ್ನು ಅದು ತಡೆಯುವುದಿಲ್ಲ. ಎಷ್ಟೋ ಭದ್ರತಾ ಲೋಪಗಳ ಮೂಲ ಇದೇ. ರಸ್ಟ್ ಭಾಷೆ ಇಂಥ ತಪ್ಪುಗಳಲ್ಲಿ ಹಲವನ್ನು ಕಂಪೈಲ್ ಮಾಡುವಾಗಲೇ ಹಿಡಿಯುತ್ತದೆ, ಹಾಗೆಂದು ಯಂತ್ರಾಂಶದಿಂದ ದೂರ ಹೋಗುವುದಿಲ್ಲ. 2022ರ ಡಿಸೆಂಬರಿನಲ್ಲಿ ಲಿನಕ್ಸಿನ ತಿರುಳಿಗೂ ಅದು ಪ್ರವೇಶ ಪಡೆಯಿತು.

ಕಂಪೈಲರುಗಳು ಬಹುಪಾಲು ಸಂದರ್ಭಗಳಲ್ಲಿ ಮನುಷ್ಯರಿಗಿಂತ ಚೆನ್ನಾಗಿ ಅಸೆಂಬ್ಲಿ ಬರೆಯುತ್ತವೆ, ಹಾಗಾಗಿ ಇಡೀ ಪ್ರೋಗ್ರಾಮನ್ನು ಅಸೆಂಬ್ಲಿಯಲ್ಲಿ ಬರೆಯುವ ಕೆಲಸ ಇಂದು ಅಪರೂಪ. ಆದರೆ ಅದನ್ನು ಓದಬಲ್ಲವರ ಅಗತ್ಯ ಕುಗ್ಗಿಲ್ಲ. ಹೊಸ ಬೋರ್ಡಿಗೆ ಮೊದಲ ಬಾರಿ ಜೀವ ಕೊಡುವವರು, ಕಂಪೈಲರ್ ಕಟ್ಟುವವರು, ಚಿಪ್ಪು ಪರೀಕ್ಷಿಸುವವರು, ಕುಸಿದ ವ್ಯವಸ್ಥೆಯ ಕಾರಣ ಹುಡುಕುವವರು ಈ ಸ್ತರಕ್ಕೆ ಇಳಿಯಲೇಬೇಕು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಚಿಪ್ ವಿನ್ಯಾಸ ಬೆಂಗಳೂರಿನ ಕಸುಬುಗಳಲ್ಲಿ ಒಂದು. ಆ ಕಸುಬಿಗೆ ಬೇಕಾದ ಮೊದಲ ಅಕ್ಷರಾಭ್ಯಾಸ ನಡೆಯುವುದು 184 ಎಂಬ ಬೈಟ್ ಈ ಚಿಪ್ಪಿನಲ್ಲಿ ಏನು ಮಾಡುತ್ತದೆ ಎಂದು ಕೇಳುವ ಲ್ಯಾಬಿನಲ್ಲೇ. ಪಠ್ಯಕ್ರಮದಲ್ಲಿ ಯಾವ ಚಿಪ್ಪು ಇರಬೇಕು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಲಿ. ಒಂದು ಚಿಪ್ಪನ್ನಾದರೂ ಅದರ ಬಿಟ್‌ಗಳವರೆಗೆ ಇಳಿದು ಅರಿಯುವ ಅವಕಾಶ ಪ್ರತಿ ಕಂಪ್ಯೂಟರ್ ವಿದ್ಯಾರ್ಥಿಗೂ ಸಿಗಬೇಕು. ಯಂತ್ರ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂದು ಅಂಥವರು ಯಾರನ್ನೂ ಕೇಳಬೇಕಾಗಿಲ್ಲ, ತಾವೇ ಲೆಕ್ಕ ಹಾಕಿ ಹೇಳಬಲ್ಲರು.